ಗೌರಾಮಿಯ ಕುಡಿಕೆ

ನಮ್ಮನೆಯವರು ನನ್ನನ್ನು ಮೊದಲ ಸಲ ಮರೆತ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಓಂಕಾರಪ್ಪನವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಡುಗೆಮನೆ ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಕೂಗಲಿಲ್ಲ, ಗದರಲಿಲ್ಲ. ಈ ಊರಿನವರು ಹಾಗೆಲ್ಲ ಮಾಡುವುದಿಲ್ಲ. ಹಜಾರಕ್ಕೆ ಹೋಗಿ ಗಾಜಿನ ತೊಟ್ಟಿಯನ್ನು ಬಗ್ಗಿ ನೋಡಿದರು, ವಾಪಸು ಬಂದು ಸ್ಟೂಲನ್ನು ನನ್ನ ಕಡೆ ಸರಿಸಿ, "ಕೂತ್ಕೊಳ್ಳಿ. ನಿಮ್ಮ ಮೀನು ಯಾವ್ದಿತ್ತು?" ಎಂದು ಕೇಳಿದರು. ಹಿಂದಿನ ದಿನವಷ್ಟೇ ಪಲ್ಯಕ್ಕೆ ಉಪ್ಪು ಜಾಸ್ತಿಯಾಯಿತೆಂದು ನನ್ನ ಮೇಲೆ ಸಿಡುಕಿದ್ದ ಮನುಷ್ಯ ಈಗ ಬೀಗರ ಮನೆಯವರನ್ನು ಮಾತಾಡಿಸುವಂತೆ ಮಾತಾಡುತ್ತಿದ್ದರು. ಆ ಮರ್ಯಾದೆ ನನಗೆ ಕಪಾಳಕ್ಕೆ ಹೊಡೆದಂತೆ ಇತ್ತು. ರವೆ ಸೀದುಹೋಯಿತು.

ಮದುವೆಗೆ ಮೊದಲೇ ಅವರು ಎಲ್ಲ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅರ್ಧ ಆಯಸ್ಸು ಅನ್ನ ಬಸಿದವಳಿಗೆ ಹೊರಬೀಳುವ ದಾರಿ ಕಂಡಾಗ ಮೀನಿನ ಮಾತು ಎಲ್ಲಿ ತಲೆಗೆ ಹೋಗುತ್ತದೆ? ಇಲ್ಲಿ ಮನೆಗೊಂದು ಗಾಜಿನ ತೊಟ್ಟಿ, ತಲೆಗೊಂದು ಮೀನು. ಅವರವರ ಮೀನನ್ನು ಅವರವರೇ ಕೈಯಾರೆ ನೀರಿಗೆ ಬಿಡಬೇಕು. ಮೀನು ಬದುಕಿರುವ ತನಕ ಮನೆಯವರಿಗೆ ಆ ಮನುಷ್ಯನ ನೆನಪಿರುತ್ತದೆ. ಮೀನು ಸತ್ತರೆ, ಇಲ್ಲವೇ ತೊಟ್ಟಿಯಿಂದ ತೆಗೆದರೆ, ಮಾರನೆಯ ಬೆಳಿಗ್ಗೆ ಅವನು ಯಾರೋ; ಮೀನು ನೆನಪಿರುತ್ತದೆ, ಅದು ಯಾರದೆಂಬುದು ಮಾತ್ರ ಅಳಿಸಿಹೋಗುತ್ತದೆ. ಹೊಸ ಮೀನು ಬಿಟ್ಟರೆ ಅಂದಿನಿಂದ ಹೊಸದಾಗಿ ನೆನಪಿಟ್ಟುಕೊಳ್ಳುತ್ತಾರೆ, ಹಳೆಯದು ಹೋಗಿದ್ದು ಹೋಯಿತು. ಮೀನೇ ಬಿಡದಿದ್ದರೆ ದಿನಾ ಬೆಳಿಗ್ಗೆ ಹೊಸಬರೇ. ಇದೆಲ್ಲ ಮನೆಯೊಳಗಿನವರಿಗೆ ಮಾತ್ರ; ಬಾಕಿ ವಸೂಲಿಗೆ ಬರುವ ಹಾಲಿನವನು ನನ್ನನ್ನು ಒಂದು ದಿನವೂ ಮರೆಯಲಿಲ್ಲ.

ಇದಕ್ಕಾಗಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಮೀನು ಕಳೆದುಕೊಂಡವರು ಕೈಯಲ್ಲೊಂದು ಖಾಲಿ ಬಾಟಲಿ ಹಿಡಿದುಕೊಂಡಿರುತ್ತಾರೆ. ನಾನೂ ಈ ಮನೆಯವಳೇ, ಕಳ್ಳಿಯಲ್ಲ ಎಂದು ಅದರ ಅರ್ಥ. ಬಸ್ಸಿನಲ್ಲಿ ಖಾಲಿ ಬಾಟಲಿಯವರಿಗೆ ಸೀಟು ಬಿಟ್ಟುಕೊಡುತ್ತಾರೆ. ಮೀನಿಗೆ ಮೀನು ಆಗದಿದ್ದರೆ ಇನ್ನೊಂದು ತೊಟ್ಟಿ ಇಡಬಹುದಲ್ಲ ಎಂದು ನಾನೂ ಕೇಳಿದ್ದೆ. ಹಿಂದಿನ ಬೀದಿಯ ಅಣ್ಣತಮ್ಮಂದಿರು ಹಾಗೆ ಮಾಡಿದ್ದರಂತೆ. ಈಗ ಒಂದೇ ಸೂರಿನ ಕೆಳಗೆ, ಒಬ್ಬರಿಗೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಕಂಡವರ ಹಾಗೆ ತಲೆಯಾಡಿಸಿಕೊಂಡು ಬದುಕುತ್ತಿದ್ದಾರೆ. ನಡುವೆ ಗಾಜು ಅಡ್ಡ ಇಟ್ಟರೂ ಅದೇ ಗತಿ.

ನಾನು ಬಂದಾಗ ನಮ್ಮ ತೊಟ್ಟಿಯಲ್ಲಿ ಮೂರು ಮೀನುಗಳಿದ್ದವು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ನಮ್ಮನೆಯವರದು. ಅವರದು ಮೋಟರ್ ವೈಂಡಿಂಗ್ ಅಂಗಡಿ, ಅವರೂ ಕೂತಲ್ಲೇ ಕೂತು ತಾಮ್ರದ ತಂತಿ ಸುತ್ತುವ ಜನ. ಕಪ್ಪು ಮೋಲಿ ಅವರ ಮಗಳು ದಾಕ್ಷಿಯದು. ದಾಕ್ಷಿ ಆಗ ಮೂರನೇ ಕ್ಲಾಸು. ಮೂರನೆಯದು ಅಂಗೈಯಗಲದ ನೀಲಿ ಗೌರಾಮಿ. ಅದು ದಾಕ್ಷಿಯ ಅಮ್ಮ ಸುಲೋಚನಳದು. ಸುಲೋಚನ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ಸತ್ತವರ ಮೀನನ್ನು ಇಲ್ಲಿ ತೆಗೆಯುವುದಿಲ್ಲ. ಸತ್ತವರು ಇನ್ನೊಂದು ಮೀನು ತಂದು ಬಿಡಲಾರರಲ್ಲ, ಹಾಗಾಗಿ ಅದು ಇರುವಷ್ಟು ದಿನ ಅವರೂ ಇರುತ್ತಾರೆ.

ಗೌರಾಮಿಗೆ ಎದೆಯ ಕೆಳಗೆ ದಾರದಂಥ ಎರಡು ಮೀಸೆಗಳಿರುತ್ತವೆ. ಅವುಗಳಿಂದ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತದೆ. ದಾಕ್ಷಿ ಗಾಜಿನ ಮೇಲೆ ಬೆರಳಿಟ್ಟರೆ ಅದು ತೇಲಿಕೊಂಡು ಬಂದು ಒಳಗಿನಿಂದ ಅದೇ ಜಾಗವನ್ನು ಮೀಸೆಯಿಂದ ಸವರುತ್ತಿತ್ತು. ಆಗಾಗ ಮೇಲೆ ಬಂದು ಗುಳಕ್ಕೆಂದು ಗಾಳಿ ನುಂಗುತ್ತಿತ್ತು. ತೊಟ್ಟಿಯ ಎಡಮೂಲೆಯಲ್ಲಿ ಸುಲೋಚನ ಇಟ್ಟ ಒಂದು ಮಣ್ಣಿನ ಕುಡಿಕೆ ಓರೆಯಾಗಿ ನಿಂತಿತ್ತು, ಅದರ ಪಕ್ಕ ಮೂರು ಕಲ್ಲು, ಮೇಲೊಂದಿಷ್ಟು ತೇಲುವ ಸೊಪ್ಪು. ಅದು ಗೌರಾಮಿಯ ಜಾಗ. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಕಸ ಗುಡಿಸುವಾಗೆಲ್ಲ ಅದು ಗಾಜಿಗೆ ಮುಖವೊತ್ತಿ ನನ್ನನ್ನೇ ನೋಡುತ್ತಿದೆ ಎನಿಸುತ್ತಿತ್ತು.

ಮೊದಲ ಮೀನು ತರಲು ಪೇಟೆಯ ಬಾಬಾಜಾನ್ ಅಂಗಡಿಗೆ ಹೋಗಿದ್ದೆ. ಬಾಬಾಜಾನ್ ಬಾಯಿ ಬಿಟ್ಟರೆ ಕೆಟ್ಟದ್ದನ್ನೇ ನುಡಿಯುವ ಆಸಾಮಿ. ಅವರ ಅಂಗಡಿಯಲ್ಲಿ ಯಾವ ಮೀನು ಕೇಳಿದರೂ ಅದು ಹೇಗೆ ಸಾಯುತ್ತದೆ ಎಂಬುದರಿಂದಲೇ ಮಾತು ಶುರು.

"ತೊಟ್ಟೀಲಿ ಯಾರ್ ಯಾರಿದಾರೆ, ಮೊದ್ಲು ಅದು ಹೇಳಿ" ಎಂದರು. ಹೇಳಿದೆ. ಗೌರಾಮಿ ಎಂದ ಕೂಡಲೇ ತಲೆ ಕೊಡವಿದರು. "ಹಳೇ ಗೌರಾಮಿನಾ? ಕಷ್ಟ ತಾಯಿ. ಜೊತೇಲಿ ಬೆಳೆದಿದ್ದನ್ನ ಏನೂ ಅನ್ನಲ್ಲ ಅದು. ಹೊಸದಾಗಿ ಬಂದಿದ್ದನ್ನ ಬಿಡಲ್ಲ."

"ಆ ಕೆಂಪು ಬಾಲದ್ದು ಎಷ್ಟು ಚೆನ್ನಾಗಿದೆ, ಅದನ್ನೇ ಕೊಡಿ."

"ಗಪ್ಪಿನಾ? ಹೊಸಬ್ರೆಲ್ಲ ಕಣ್ಣಲ್ಲೇ ಮೀನು ತಗೊಳ್ತಾರೆ. ಅಷ್ಟುದ್ದ ಬಾಲ ನೋಡಿದ್ರೆ ಗೌರಾಮಿಗೆ ಬಾಯಿ ಕಡಿಯುತ್ತೆ. ಆಮೇಲೆ ಬಾಟ್ಲಿ ಹಿಡ್ಕೊಂಡು ಬಂದು ನನ್ ಬೈಬೇಡಿ."

ನಾನು ಅದನ್ನೇ ತಂದೆ. ಹೊಸ ಮದುವಣಗಿತ್ತಿ, ಬಣ್ಣದ್ದೇ ಬೇಕಿತ್ತು. ಕವರನ್ನು ತೊಟ್ಟಿಯ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಕೈಯಾರೆ ಬಿಟ್ಟೆ. ದಾಕ್ಷಿ ಚಪ್ಪಾಳೆ ತಟ್ಟಿದಳು. ಆಮೇಲಿನ ವಾರಗಳಲ್ಲಿ ಅವಳು ನನ್ನನ್ನು ಚಿಕ್ಕಮ್ಮ ಎನ್ನಲು ಕಲಿತಳು, ಹಾಲಿನ ಕೆನೆ ತೆಗೆದುಕೊಡೆಂದು ಕೇಳಲು ಕಲಿತಳು, ಕೊನೆಗೊಂದು ದಿನ ಬಾಚಣಿಗೆ ತಂದು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂತಳು. ಅಷ್ಟರಲ್ಲಿ ಗಪ್ಪಿಯ ಬಾಲ ಹರಿದ ಬಾವುಟವಾಗಿತ್ತು. ಅದು ಸತ್ತ ಮಾರನೆಯ ಬೆಳಿಗ್ಗೆಯೇ ನಾನು ರವೆ ಸೀಯಿಸಿದ್ದು. ಗಂಡ ಮರೆತದ್ದನ್ನು ಹೇಗೋ ನುಂಗಿಕೊಂಡೆ. ಆದರೆ ದಾಕ್ಷಿ ಬಾಗಿಲ ಹಿಂದೆ ನಿಂತು, ಬಾಚಣಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನನ್ನನ್ನೇ ಮಿಕಮಿಕ ನೋಡುತ್ತಿದ್ದಳಲ್ಲ, ಅದಕ್ಕೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಎರಡನೆಯ ಸಲ ಸಿಟ್ಟಿನಲ್ಲಿ ಹೋದೆ. ಹೊಡೆಯುವುದಕ್ಕೆ ಹೊಡೆಯುವಂಥದ್ದೇ ಬೇಕೆಂದು ಹುಲಿಪಟ್ಟೆಯ ಟೈಗರ್ ಬಾರ್ಬ್ ಕೇಳಿದೆ. "ಅದು ಗುಂಪಲ್ಲಿದ್ರೆ ತಮ್ಮತಮ್ಮಲ್ಲೇ ಕಿತ್ತಾಡ್ಕೊಂಡು ಇರುತ್ತೆ. ಒಂದೇ ಬಿಟ್ರೆ ಊರ್ ಮೇಲೆ ಬೀಳುತ್ತೆ" ಎಂದರು ಬಾಬಾಜಾನ್. ಇಲ್ಲಿ ತಲೆಗೊಂದೇ ಮೀನು, ಗುಂಪು ಎಲ್ಲಿಂದ ತರಲಿ? ಒಂದನ್ನೇ ಒಯ್ದು ಬಿಟ್ಟೆ. ಅದು ಸಾಯಲಿಲ್ಲ. ಗೌರಾಮಿಯೇ ಹೆದರಿ ಸೊಪ್ಪಿನೊಳಗೆ ಸೇರಿಕೊಂಡಿತು, ನನಗೆ ಒಳಗೊಳಗೇ ಖುಷಿ. ದಾಕ್ಷಿ ಎರಡನೆಯ ಸಲ ಚಿಕ್ಕಮ್ಮ ಎಂದಳು, ಎರಡನೆಯ ಸಲ ಬಾಚಣಿಗೆ ತಂದುಕೊಟ್ಟಳು. ತಲೆ ಬಾಚಿಸಿಕೊಳ್ಳುವಾಗ ಅವಳಿಗೆ ಅಮ್ಮನ ಸುದ್ದಿಯೇ ಆಗಬೇಕು.

"ನಮ್ಮಮ್ಮ ಜಡೆ ಹಾಕುವಾಗ ಟೇಪು ಹಲ್ಲಲ್ಲಿ ಕಚ್ಕೊಂಡೇ ಮಾತಾಡ್ತಿದ್ಲು ಚಿಕ್ಕಮ್ಮ. ಜೇನುಹುಳ ಮಾತಾಡ್ದಂಗೆ ಇರ್ತಿತ್ತು" ಎಂದು ಹೇಳಿ, ತಾನೂ ಟೇಪು ಕಚ್ಚಿಕೊಂಡು ಝೂಂಯ್‌ಗುಟ್ಟಿ ತೋರಿಸುತ್ತಿದ್ದಳು. ಸೀದ ದೋಸೆ ಎಲ್ಲ ಅಮ್ಮನಿಗಂತೆ. ಮಳೆ ಬಂದರೆ ಮೊದಲು ಚಪ್ಪಲಿ ಒಳಗಿಟ್ಟು ಆಮೇಲೆ ಬಟ್ಟೆ ತೆಗೆಯುತ್ತಿದ್ದಳಂತೆ. ಮುಖ ನೋಡದ ಹೆಂಗಸು ನನಗೆ ಹೀಗೆ ಕೂದಲೆಳೆ ಕೂದಲೆಳೆಯಾಗಿ ಗೊತ್ತಾಗುತ್ತ ಹೋದಳು.

ಒಂದು ದಿನ ಬಾರ್ಬ್ ಗೌರಾಮಿಯ ಒಂದು ಮೀಸೆಯನ್ನು ಕಚ್ಚಿ ತುಂಡು ಮಾಡಿತು. ಮಾರನೆಯ ದಿನ ದಾಕ್ಷಿ ಶಾಲೆಗೆ ಹೊರಟವಳು ಹೊಸಿಲಲ್ಲಿ ನಿಂತುಬಿಟ್ಟಳು. "ಚಿಕ್ಕಮ್ಮ, ನಮ್ಮಮ್ಮ ನನ್ ಕೈ ಹಿಡ್ಕೊತಿದ್ಲಲ್ಲ, ಯಾವ್ ಕಡೆ ಹಿಡ್ಕೊತಿದ್ಲು?" ಎಂದಳು. ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. ಆಮೇಲೆ ಬಿಕ್ಕಳಿಸಿ ಅಳತೊಡಗಿದಳು. ನನ್ನ ಖುಷಿ ಅಲ್ಲೇ ಇಳಿದುಹೋಯಿತು. ಅಂದೇ ಬಾರ್ಬನ್ನು ನಾನೇ ಹಿಡಿದು ಅಂಗಡಿಗೆ ವಾಪಸು ಕೊಟ್ಟೆ. ಮತ್ತೆ ಬಾಟಲಿ ಹಿಡಿದೆ. ಮೀಸೆ ಚಿಗುರಿಕೊಳ್ಳಲು ಕೆಲವು ವಾರ ಹಿಡಿಯಿತು. ಚಿಗುರಿದ ಮೇಲೆ ದಾಕ್ಷಿ ಎಡಗೈ ಎತ್ತಿ, "ಈ ಕಡೆ!" ಎಂದು ಕುಣಿದಾಡಿದಳು. ಯಾಕೆ ಕುಣಿಯುತ್ತಿದ್ದೇನೆಂದು ಬಾಟಲಿ ಹಿಡಿದ ಅಪರಿಚಿತ ಹೆಂಗಸಿಗೆ ವಿವರಿಸಿಯೂ ಹೇಳಿದಳು.

ಮೂರನೆಯ ಸಲ ಬಾಬಾಜಾನ್ ತಾವಾಗಿಯೇ ಒಳಗಿನ ತೊಟ್ಟಿಯಿಂದ ಒಂದು ಕಂದು ಮೀನು ತೆಗೆದು ತೋರಿಸಿದರು. ಹೆಬ್ಬೆರಳಿನಷ್ಟುದ್ದ, ಮೂತಿಗೆ ಮೋಟು ಮೀಸೆ, ಮರಳಿನ ಬಣ್ಣ. ಮತ್ತೆ ನೀರಿಗೆ ಬಿಟ್ಟ ಕೂಡಲೇ ತಳಕ್ಕೆ ಹೋಗಿ ಮಣ್ಣು ಕೆದಕತೊಡಗಿತು. "ಇದನ್ನ ಯಾರೂ ತಗೊಳಲ್ಲ, ಚೆಂದ ಇಲ್ವಲ್ಲ. ಆದ್ರೆ ಗೌರಾಮಿ ಮೇಲ್ಗಡೆ, ಇದು ಕೆಳಗಡೆ, ಒಬ್ರ ತಂಟೆಗೆ ಒಬ್ರು ಹೋಗಲ್ಲ. ಒಂದೇ ತೊಂದರೆ, ಇದಕ್ಕೆ ತಲೆಮರೆಸಿಕೊಳ್ಳೋಕೆ ಒಂದು ಗವಿ ಥರ ಏನಾದ್ರೂ ಬೇಕು. ಇಲ್ದಿದ್ರೆ ಬೆದರಿ ಬೆದರಿನೇ ಸಾಯುತ್ತೆ."

"ಹೊಸ ಕುಡಿಕೆ ಒಂದು ಹಾಕಿದ್ರೆ?"

"ನಿಮ್ ತೊಟ್ಟೀಲಿ ಎಷ್ಟು ಹಾಕಿದ್ರೂ ಎಲ್ಲ ಗೌರಾಮಿದೇ. ಎಲ್ಲ ಎತ್ತಿ ಬೇರೆ ಥರ ಜೋಡಿಸಿ. ಕಲ್ಲು ಆ ಕಡೆ, ಕುಡಿಕೆ ಅಡ್ಡ ಮಲಗಿಸಿ ಈ ಕಡೆ. ಮನೆ ಗುರ್ತು ಸಿಗದೆ ಇದ್ರೆ ಜಗಳ ಮರೆಯುತ್ತೆ."

ಹಾಗೆಯೇ ಮಾಡಿದೆ. ಕಲ್ಲುಗಳನ್ನು ಬಲಕ್ಕೆ ತಂದೆ, ಸೊಪ್ಪನ್ನು ಹಂಚಿದೆ, ಓರೆಯಾಗಿದ್ದ ಕುಡಿಕೆಯನ್ನು ಎತ್ತಿ ನಡುವೆ ಮಲಗಿಸಿದೆ. ಕುಡಿಕೆಯ ಅಡಿಯಲ್ಲಿ ವರ್ಷಗಳ ಗುಂಡಗಿನ ಗುರುತು ಇತ್ತು, ಮರಳು ಎಳೆದು ಮುಚ್ಚಿದೆ. ನನ್ನ ಕಂದು ಮೀನು ಸರ್ರನೆ ಕುಡಿಕೆಯೊಳಗೆ ಹೋಗಿ ಮುಖವಷ್ಟನ್ನು ಹೊರಗಿಟ್ಟಿತು. ಗೌರಾಮಿ ಎಡಮೂಲೆಗೆ ಹೋಗಿ ಏನೂ ಇಲ್ಲದ ಜಾಗವನ್ನು ಮೀಸೆಯಿಂದ ತಡವತೊಡಗಿತು. ಆದರೆ ಯಾರ ಮೈಮೇಲೂ ಹೋಗಲಿಲ್ಲ.

ಆಮೇಲಿನ ತಿಂಗಳುಗಳು ನನ್ನ ಬದುಕಿನಲ್ಲೇ ಒಳ್ಳೆಯ ದಿನಗಳು. ಬೆಳಿಗ್ಗೆ ಎದ್ದರೆ ಗಂಡ ಕಾಫಿಗೆ ಸಕ್ಕರೆ ಕಡಿಮೆಯೆಂದು ಗೊಣಗುತ್ತಿದ್ದರು. ಆ ಗೊಣಗಾಟ ಕೇಳಲು ನಾನು ಬೇಕೆಂದೇ ಸಕ್ಕರೆ ಕಡಿಮೆ ಹಾಕುತ್ತಿದ್ದೆ. ದಾಕ್ಷಿ ನನ್ನ ಸೆರಗು ಹಿಡಿದುಕೊಂಡು ಓಡಾಡಿದಳು. ಒಂದು ಮಧ್ಯಾಹ್ನ ಮಲಗಿದ್ದಾಗ ನನ್ನ ತೋಳಿನ ಮೇಲೆ ಕಾಲು ಹಾಕಿಕೊಂಡು, ನಿದ್ದೆಗಣ್ಣಿನಲ್ಲಿ ಅಮ್ಮ ಎಂದಳು. ಚಿಕ್ಕಮ್ಮ ಎನ್ನಲು ಹೋಗಿ ಮೊದಲರ್ಧ ನುಂಗಿರಬೇಕು ಎಂದುಕೊಂಡೆ. ಅಲ್ಲ ಎಂದು ಗೊತ್ತಿದ್ದರೂ ಹಾಗೆಂದುಕೊಂಡೆ.

ಎಷ್ಟು ದಿನವಾಗಿತ್ತೋ, ಗೌರಾಮಿ ಹಾಕಿದ ಕಾಳನ್ನು ತಿನ್ನದೆ ಬಿಡುತ್ತಿತ್ತು. ನೀಲಿ ಹೋಗಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಖಾಲಿ ಮೂಲೆಯಲ್ಲಿ ಓರೆಯಾಗಿ, ಹಿಂದೆ ಕುಡಿಕೆ ನಿಲ್ಲುತ್ತಿದ್ದ ಹಾಗೆಯೇ ವಾಲಿಕೊಂಡು ನಿಂತಿರುತ್ತಿತ್ತು. ದಾಕ್ಷಿ ಅದರ ಮುಂದೆ ಬೆರಳಿಡುವುದನ್ನೂ ಬಿಟ್ಟಿದ್ದಳು. ಒಂದು ಬೆಳಿಗ್ಗೆ ನಾನು ಅವಳ ಜಡೆ ಹೆಣೆಯುತ್ತ, ಎರಡೂ ಕೈಗೆ ಕೆಲಸವಿತ್ತೆಂದು ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡು, "ಅಲ್ಲಾಡ್ಬೇಡ" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. "ಇನ್ನೊಂದ್ಸಲ ಮಾತಾಡಿ ಚಿಕ್ಕಮ್ಮ! ಯಾರೂ ಹಿಂಗೆ ಮಾತಾಡಿದ್ದು ನಾನ್ ಕೇಳೇ ಇಲ್ಲ" ಎಂದಳು.

ಟೇಪನ್ನು ಬಾಯಿಂದ ತೆಗೆದೆ. ನಿಮ್ಮಮ್ಮ ಹೀಗೇ ಮಾತಾಡುತ್ತಿದ್ದಳಲ್ಲ ಎಂದೆ. ದಾಕ್ಷಿ ಅನುಮಾನದಿಂದ ತಿರುಗಿ ನೋಡಿದಳು. ಸೀದ ದೋಸೆಯ ಕಥೆ ಹೇಳಿದೆ, ಮಳೆ, ಚಪ್ಪಲಿಯ ಕಥೆ ಹೇಳಿದೆ. ನಾನು ಸುಲೋಚನಳ ಜೊತೆ ಬಾಳಿದವಳಲ್ಲ, ಮೀನು ನನ್ನಿಂದ ಕಿತ್ತುಕೊಳ್ಳಲು ಏನೂ ಇರಲಿಲ್ಲ; ಮಗು ಹೇಳಿದ್ದೆಲ್ಲ ಹಾಗೇ ನನ್ನಲ್ಲಿತ್ತು. ದಾಕ್ಷಿ ಶ್ರದ್ಧೆಯಿಂದ ಕೇಳಿದಳು. ಮುಗಿದ ಮೇಲೆ, "ಆಮೇಲೆ ಆ ಆಂಟಿ ಏನ್ಮಾಡಿದ್ರು?" ಎಂದಳು.

ಅಂದು ಸಂಜೆ ನಮ್ಮನೆಯವರು ಟ್ರಂಕಿನಲ್ಲಿ ಏನೋ ಹುಡುಕುತ್ತ ಸುಲೋಚನಳ ಹಸಿರು ಸೀರೆ ಎತ್ತಿ ಹಿಡಿದರು. "ಇದು ನಿಂದಾ? ಉಟ್ಟಿದ್ದೇ ನೋಡಿಲ್ವಲ್ಲ" ಎಂದರು. ಮದುವೆಯಾದ ಹೊಸದರಲ್ಲಿ ಆ ಸೀರೆಯನ್ನು ನಾನು ಮುಟ್ಟಿದ್ದಕ್ಕೆ ಇದೇ ಮನುಷ್ಯ ಎರಡು ದಿನ ಮಾತು ಬಿಟ್ಟಿದ್ದರು. ನಾನು ಬಯಸಿದ್ದು ಇದನ್ನೇ ಅಲ್ಲವೇ? ಮನೆಯ ತುಂಬ ನಾನೊಬ್ಬಳೇ ಇರಬೇಕೆಂದಿದ್ದೆ. ಈಗ ಇದ್ದೆ. ಆ ಸೀರೆ ಅವರ ಕೈಯಲ್ಲಿ ಯಾರದೋ ಬಟ್ಟೆಯಾಗಿ ಜೋತಾಡುವುದನ್ನು ನೋಡಲು ನನ್ನಿಂದಾಗಲಿಲ್ಲ.

ಬಾಬಾಜಾನ್ ಬಂದು ಗೌರಾಮಿಯನ್ನು ನೋಡಿ, "ಜಾಗ ಹೋಗಿದ್ದೇ ಇದಕ್ಕೆ ಕಾಯಿಲೆ. ನಾನೇ ಹೇಳ್ಕೊಟ್ಟಿದ್ದು, ಹಿಂಗಾಗುತ್ತೆ ಅಂತ ಗೊತ್ತಾಗ್ಲಿಲ್ಲ" ಎಂದು ಮೊದಲ ಸಲ ಸಪ್ಪಗಾದರು. ದೊಡ್ಡ ತೊಟ್ಟಿ ತಂದರೆ ಹೇಗೆ ಎಂದೆ. ಈ ಸ್ಥಿತಿಯಲ್ಲಿ ಹೊಸ ನೀರು ತಡೆಯುವುದಿಲ್ಲ ಎಂದರು. ಕುಡಿಕೆ ಅದಕ್ಕೆ ವಾಪಸು ಕೊಟ್ಟರೆ ಬದುಕಬಹುದು, ಆದರೆ ಆಗ ಕಂದು ಮೀನಿಗಾಗಲಿ ಅಂಥ ಬೇರೆ ಸಾಧು ಮೀನಿಗಾಗಲಿ ಆ ನೀರಿನಲ್ಲಿ ಎಲ್ಲೂ ನೆಲೆಯಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ, ನಾಳೆ ನನ್ನ ಮೀನು ತೆಗೆಯುತ್ತೇನೆ ಎಂದು. ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಆ ಗೌರಾಮಿ ಯಾರದು ಅಂತಾನೇ ನಂಗೆ ಸರಿಯಾಗಿ ನೆನಪಿಗೆ ಬರ್ತಿಲ್ಲ. ಯಾರಿಗೋಸ್ಕರ ನೀನು ಹೋಗ್ತೀಯಾ?"

"ನೆನಪಿಗೆ ಬರ್ತಿಲ್ವಲ್ಲ, ಅದಕ್ಕೇ."

"ನೀನು ಬೇಕು ನಂಗೆ" ಎಂದರು. ಅಷ್ಟು ಬಿಚ್ಚಿ ಅವರು ಹಿಂದೆಂದೂ ಹೇಳಿರಲಿಲ್ಲ. ನಾನು ಇನ್ನೊಂದು ಸೌಟು ಸಾರು ಬಡಿಸಿದೆ. ಕೈ ತೊಳೆಯುವಾಗ ಅವರು, "ನಾಡಿದ್ದು ಬೆಳಿಗ್ಗೆ ನಾನು ಸ್ಟೂಲ್ ಹಾಕ್ತೀನಿ. ಹಾಕ್ದೇ ಇದ್ರೆ ಬೈದು ಹಾಕಿಸ್ಕೊ" ಎಂದರು.

ಮಾರನೆಯ ಬೆಳಿಗ್ಗೆ ಕಂದು ಮೀನನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿಕೊಂಡೆ. ಕುಡಿಕೆಯನ್ನು ಎಡಮೂಲೆಗೆ ಒಯ್ದು, ಮರಳು ಸರಿಸಿ, ಗುಂಡಗಿನ ಹಳೆಯ ಗುರುತು ಸಿಗುವ ತನಕ ಕೈಯಾಡಿಸಿ, ಓರೆಯಾಗಿ ನಿಲ್ಲಿಸಿದೆ. ಕಲ್ಲುಗಳನ್ನಿಟ್ಟೆ. ಗೌರಾಮಿ ಬಹಳ ಹೊತ್ತು ದೂರವೇ ನಿಂತಿತ್ತು. ಆಮೇಲೆ ಬಂದು ಕುಡಿಕೆಯ ಬಾಯನ್ನು ಒಂದು ಮೀಸೆಯಿಂದ ಮುಟ್ಟಿತು. ನನ್ನ ಮೀನನ್ನು ಬಾಬಾಜಾನ್ ತೆಗೆದುಕೊಂಡು ಒಳಗಿನ ತೊಟ್ಟಿಯಲ್ಲಿಟ್ಟರು. ಅದನ್ನು ಯಾರಿಗೂ ಮಾರುವುದಿಲ್ಲ ಎಂದರು, ಹೇಗೂ ಯಾರೂ ಕೇಳುವುದಿಲ್ಲ ಎಂದು ಸೇರಿಸಿದರು.

ಅದರ ಮಾರನೆಯ ದಿನದಿಂದ ಪ್ರತಿ ಬೆಳಿಗ್ಗೆ ನಮ್ಮನೆಯವರು ಸ್ಟೂಲು ಸರಿಸುತ್ತಾರೆ. ನಾನು ಖಾಲಿ ಬಾಟಲಿ ಮಡಿಲಲ್ಲಿಟ್ಟುಕೊಂಡು ನಾನು ಯಾರೆಂದು ಹೇಳುತ್ತೇನೆ. ಅವರು ನಂಬುತ್ತಾರೆ, ಮುಜುಗರಪಡುತ್ತಾರೆ, ಕಾಫಿ ಚೆನ್ನಾಗಿದೆ ಎನ್ನುತ್ತಾರೆ. ಸಕ್ಕರೆಯ ಬಗ್ಗೆ ಗೊಣಗುವುದಿಲ್ಲ. ಗೌರಾಮಿಗೆ ನೀಲಿ ಬಣ್ಣ ಮರಳಿದೆ. ಕಾಳು ಹಾಕುವವಳು ನಾನೇ, ನೀರು ಬದಲಿಸುವವಳು ನಾನೇ. ಅದು ಎಂದಾದರೊಂದು ದಿನ ಸಾಯಲೇಬೇಕು. ಅದಕ್ಕಾಗಿ ಕಾಯುತ್ತಿದ್ದೀಯಾ ಎಂದು ಯಾರಾದರೂ ಕೇಳಿದರೆ, ಕೆಲವು ದಿನ ಹೌದು. ಆ ದಿನಗಳಲ್ಲಿ ಅದಕ್ಕೆ ಎರಡು ಕಾಳು ಹೆಚ್ಚು ಹಾಕಿ, ಜಾಸ್ತಿ ತಿಂದರೂ ಸಾಯುತ್ತದೆಂದು ನೆನಪಾಗಿ, ಗಾಬರಿಯಲ್ಲಿ ಹೊರಗೆ ತೆಗೆಯುತ್ತೇನೆ.

ಇವತ್ತೂ ದಾಕ್ಷಿ ಬಾಚಣಿಗೆ ಟೇಪು ಹಿಡಿದುಕೊಂಡು ಬಂದಳು. ನನ್ನನ್ನು ನೋಡಿದಳು, ಬಾಟಲಿ ನೋಡಿದಳು.

"ಆಂಟಿ, ನಿಮ್ ಮೀನು ಸತ್ತೋಯ್ತಾ?"

"ಇಲ್ಲಮ್ಮ, ಅದಕ್ಕೆ ಇಲ್ಲಿ ಹಿಡಿಸ್ಲಿಲ್ಲ."

"ಅಯ್ಯೋ ಪಾಪ" ಎಂದಳು. "ನಿಮಗೆ ಜಡೆ ಹಾಕಕ್ಕೆ ಬರುತ್ತಾ?"

ಬೆನ್ನು ತಿರುಗಿಸಿ ಕೂತಳು. ಹೊಸಬರ ಹತ್ತಿರ ಮೊದಲು ಸ್ವಲ್ಪ ಬಿಗಿಯಾಗಿ ಕೂರುತ್ತಾಳೆ, ಅರ್ಧ ಜಡೆಯಾಗುವ ಹೊತ್ತಿಗೆ ಸಡಿಲವಾಗುತ್ತಾಳೆ. "ನಮ್ಮಮ್ಮ ಟೇಪು ಹಲ್ಲಲ್ಲಿ ಕಚ್ಕೊಂಡೇ ಮಾತಾಡ್ತಿದ್ಲು, ಗೊತ್ತಾ?" ಎಂದಳು. "ಹೌದಾ? ಹೆಂಗೆ?" ಎಂದೆ. ಅವಳು ಝೂಂಯ್‌ಗುಟ್ಟಿದಳು. ನಾನು ದಿನಾ ನಗುವ ಕಡೆ ನಕ್ಕೆ. ಸೀದ ದೋಸೆ ಬಂತು. ಮಳೆ, ಚಪ್ಪಲಿ ಬಂದವು. ಎಡಗೈ ಎತ್ತಿ ತೋರಿಸಿದಳು.

ಟೇಪು ಕಟ್ಟಿದ ಮೇಲೆ ತೊಟ್ಟಿಯ ಮುಂದೆ ಹೋಗಿ ಗಾಜಿನ ಮೇಲೆ ಬೆರಳಿಟ್ಟು, ಏನೋ ಲೆಕ್ಕ ಹಾಕುವವಳಂತೆ ನಿಂತಳು. "ಆಂಟಿ, ಗಪ್ಪಿ ಮಾತ್ರ ತರಬೇಡಿ. ನಮ್ಮಮ್ಮ ಬಾಲ ಕಚ್ತಾಳೆ. ಕೆಳಗಡೆ ಓಡಾಡೋ ಕಂದು ಮೀನು ಇರುತ್ತಲ್ಲ, ನೋಡಕ್ಕೆ ಚೆನ್ನಾಗಿರಲ್ಲ, ಆದ್ರೆ ಒಳ್ಳೇದು. ಅದು ತಗೊಳ್ಳಿ."

"ಅದಕ್ಕೆ ಬಚ್ಚಿಟ್ಕೊಳ್ಳೋಕೆ ಜಾಗ ಬೇಕಂತಲ್ಲ?"

"ಅಮ್ಮನ ಕುಡಿಕೆ ಕೊಡೋಣ" ಎಂದಳು ದಾಕ್ಷಿ. ದಿನಾ ಹೀಗೆಯೇ, ಯೋಚನೆಯನ್ನೇ ಮಾಡದೆ ಹೇಳುತ್ತಾಳೆ. "ಅಮ್ಮ ಏನೂ ಅಂದ್ಕೊಳಲ್ಲ."

ಒಳಗಿನಿಂದ ಗೌರಾಮಿ ಅವಳ ಬೆರಳಿನ ಜಾಗವನ್ನು ಸವರುತ್ತಿತ್ತು. "ಸಂಜೆ ನೋಡೋಣ" ಎಂದೆ. ಬ್ಯಾಗು ಬೆನ್ನಿಗೇರಿಸಿಕೊಂಡು ಗೇಟಿನ ತನಕ ಓಡಿದವಳು ತಿರುಗಿ ನಿಂತು, "ಮರೀಬೇಡಿ ಆಂಟಿ" ಎಂದು ಕೂಗಿದಳು.

"ಇಲ್ಲ, ಮರೆಯಲ್ಲ" ಎಂದೆ. ಒಳಗೆ ಬಂದು ಬಾಟಲಿ ತೊಳೆದು, ನಾಳೆ ಬೆಳಿಗ್ಗೆಗೆ ಬೇಕೆಂದು ಕಿಟಕಿಯಲ್ಲಿ ಬೋರಲು ಹಾಕಿದೆ.